ತುಂಬಿದ ಬಟ್ಟಲಿನ ಮುಂದೆ ಕೂತ ಹಕ್ಕಿ

"ಅಜ್ಜಾರ, ಮನೀಗೆ ಮಾಡಬೇಕಾದ್ದೆಲ್ಲಾ ಮಾಡಿಟ್ಟ ಮ್ಯಾಲೆ ಮನಿ ಬಿಟ್ಟು ಬಂದ್ರ ಅದು ತಪ್ಪೇನ್ರೀ?" ಎಂದು ರಾಚಪ್ಪ ಕೇಳಿದ.

ರಾಚಪ್ಪ ಹಿಟ್ಟಿನ ಗಿರಣಿಯವನು. ಗಿರಣಿಯನ್ನು ತಮ್ಮನ ಕೈಗೆ ಒಪ್ಪಿಸಿ, ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ತುರುಕಿಕೊಂಡು ಮಠಕ್ಕೆ ಬಂದಿದ್ದ. ಉಳಿದ ಆಯುಷ್ಯವನ್ನು ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರ ಪಾದದ ಬಳಿಯೇ ಕಳೆಯಬೇಕೆಂಬುದು ಅವನ ಆಸೆ. ಬಹಳ ದಿನದ ಆಸೆ. ಅಜ್ಜನವರ ಅಪ್ಪಣೆಯೊಂದು ಬಾಕಿ ಇತ್ತು.

"ಏನೇನು ಮಾಡಿಟ್ಟು ಬಂದಿ?" ಎಂದು ಅಜ್ಜನವರು ಕೇಳಿದರು.

"ವರ್ಷಕ್ಕಾಗುವಷ್ಟು ಜೋಳ ತುಂಬಿಸೇನ್ರಿ. ಬ್ಯಾಳಿ, ಎಣ್ಣಿ ಎಲ್ಲಾ ಐತ್ರಿ. ಸೋರೋ ಮಾಳಿಗಿ ರಿಪೇರಿ ಮಾಡಿಸೇನಿ. ಯಾತಕ್ಕೂ ಕಡಿಮಿ ಮಾಡಿಲ್ರಿ."

"ನೀಲವ್ವ ಏನಂದಳು?"

ನೀಲವ್ವ ಅವನ ಹೆಂಡತಿ. ರಾಚಪ್ಪ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡ. "ಏನೂ ಅನ್ನಲಿಲ್ರಿ. ಮೊದಲು ಒಂದಕ್ಕ ಹತ್ತು ಮಾತಾಡಾಕಿ. ಈಗೀಗ ಭಾಳ ಶಾಂತ ಆಗ್ಯಾಳ್ರಿ. ಮಠಕ್ಕ ಹೊಂಟೇನಿ ಅಂದೆ. ಹೂಂ ಅಂದಳು."

ಇದನ್ನು ಹೇಳುವಾಗ ಅವನ ದನಿಯಲ್ಲಿ ಸಮಾಧಾನವಿತ್ತು. ಅರ್ಧ ಅಪ್ಪಣೆ ಮನೆಯಲ್ಲೇ ಸಿಕ್ಕಿತು, ಇನ್ನರ್ಧ ಇಲ್ಲಿ ಸಿಕ್ಕರಾಯಿತು ಎಂದುಕೊಂಡಿದ್ದ. ಅಜ್ಜನವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದ. ಅವನ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗುತ್ತಿರಲಿಲ್ಲ. ಮಾರುವವರು ಚೀಲದ ಬಾಯಿ ಬಿಚ್ಚಿ ತೋರಿಸಿದರೆ ಆತ ಆ ಕಡೆ ನೋಡುತ್ತಲೇ ಇರಲಿಲ್ಲ. ಚೀಲದ ಬಾಯಲ್ಲಿ ಎಲ್ಲರೂ ಒಳ್ಳೆಯ ಕಾಳನ್ನೇ ಇಡುತ್ತಾರೆ. ಆತ ತೋಳನ್ನು ಚೀಲದ ಆಳಕ್ಕೆ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ ಉಫ್ ಎಂದು ಊದುತ್ತಿದ್ದ. ಹೊಟ್ಟು ಹಾರುತ್ತಿತ್ತು, ಕಾಳು ಉಳಿಯುತ್ತಿತ್ತು. ಉಳಿದದ್ದಕ್ಕೆ ಬೆಲೆ ಕಟ್ಟುತ್ತಿದ್ದ.

ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಅವಳು ಒಂದು ಜೋಡಿ ಫಿಂಚ್ ಹಕ್ಕಿ ಸಾಕಿದ್ದಳು. ಗುಬ್ಬಿಗಿಂತ ಚಿಕ್ಕ ಹಕ್ಕಿ, ಕೆಂಪು ಕೊಕ್ಕು. ಹೆಣ್ಣು ಸುಮ್ಮನಿರುತ್ತಿತ್ತು, ಗಂಡು ಬೆಳಕು ಹರಿದಾಗಿನಿಂದ ದೀಪ ಹಚ್ಚುವವರೆಗೆ ಹಾಡುತ್ತಿತ್ತು. ಮಗಳು ಅವಕ್ಕೆ ಮಾಡುತ್ತಿದ್ದ ಉಪಚಾರ ನೋಡಿ ತಂದೆ ನಗುತ್ತಿದ್ದ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನವಣೆ, ಸಜ್ಜೆ ಕಲಸಿ ಇಡುವಳು. ಮೆಂತ್ಯದ ಸೊಪ್ಪನ್ನು ತೊಳೆದು ಸರಳಿಗೆ ಸಿಕ್ಕಿಸುವಳು. ಒಮ್ಮೊಮ್ಮೆ ನೆನೆಸಿ ಮೊಳಕೆ ಬರಿಸಿದ ಕಾಳು. ನಾಟಿ ಔಷಧಿಯ ಅಂಗಡಿಯಿಂದ ಕಡಲನೊರೆ ಎಂಬ ಸುಣ್ಣದಂಥ ಬಿಳಿ ತುಂಡು ತಂದು ಪಂಜರಕ್ಕೆ ಕಟ್ಟುವಳು. ಹಕ್ಕಿಗಳು ಅದನ್ನು ಕೊಕ್ಕಿನಿಂದ ಕೆರೆದು ಕೆರೆದು ತಿನ್ನುತ್ತಿದ್ದವು. ಸ್ನಾನಕ್ಕೆ ಬೇರೆ ನೀರು! "ಬಾಣಂತಿಗೂ ಇಷ್ಟು ಮಾಡೂದಿಲ್ಲ" ಎಂದು ತಂದೆ ಹಾಸ್ಯ ಮಾಡುತ್ತಿದ್ದ.

ಮಗಳ ಮದುವೆಯಾಯಿತು. ಅತ್ತೆಯ ಮನೆಯಲ್ಲಿ ಬೆಕ್ಕಿತ್ತು, ಹಕ್ಕಿಗಳನ್ನು ಒಯ್ಯುವ ಹಾಗಿರಲಿಲ್ಲ. ಹೊರಡುವ ಹೊತ್ತಿಗೆ ಅವಳು ಪಂಜರದ ಮುಂದೆ ನಿಂತು, "ಅಪ್ಪಾ, ದಿನಾ ಮುಂಜಾನೆ ಅವುಗಳ ತಟ್ಟಿಯಾಗ..." ಎಂದು ಏನೋ ಹೇಳಲು ಹೋದಳು.

"ಏ ಹುಚ್ಚಿ, ಹುಟ್ಟಿದಾಗಿಂದ ಕಾಳಿನ್ಯಾಗ ಕೂತೇನಿ. ಹಕ್ಕಿಗೆ ಕಾಳು ಹಾಕೂದು ನನಗ ಕಲಸ್ತೀಯೇನು?" ಎಂದು ತಂದೆ ನಕ್ಕುಬಿಟ್ಟ. ಹಿತ್ತಲ ಗಿಡ ಮದ್ದಲ್ಲ ನೋಡು. ಊರಿನವರು ಹೇಳಿದ್ದರೆ ಕೇಳುತ್ತಿದ್ದನೇನೋ, ಮಗಳು ಹೇಳಿದಳು. ಅವಳೂ ನಕ್ಕಳು. "ಪಂಚಮಿಗೆ ಬರತೇನಿ. ಅಲ್ಲೀತನಕ ಎರಡನ್ನೂ ಜೋಪಾನ ಮಾಡು" ಎಂದು ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು.

ಅವನು ಕೆಟ್ಟವನಲ್ಲ ರಾಚಪ್ಪಾ. ಅದನ್ನು ಮೊದಲು ತಿಳಿದುಕೋ. ಮಗಳು ಹೋದ ಮನೆಯಲ್ಲಿ ಉಳಿದದ್ದು ಆ ಎರಡು ಜೀವ. ಅವುಗಳ ಮೇಲೆ ಅವನು ಪ್ರಾಣವನ್ನೇ ಇಟ್ಟ. ಮಣ್ಣಿನ ತಟ್ಟೆ ಅವನ ಮನಸ್ಸಿಗೆ ಬರಲಿಲ್ಲ. ಮಗಳು ಕೂಸಾಗಿದ್ದಾಗ ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದ ಬೆಳ್ಳಿಯ ಬಟ್ಟಲು ಪೆಟ್ಟಿಗೆಯಲ್ಲಿತ್ತು. ಆಳವಾದ ಬಟ್ಟಲು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ ಪಂಜರದಲ್ಲಿಟ್ಟ. ಅಂಗಡಿಯಲ್ಲಿನ ಒಳ್ಳೆಯ ನವಣೆಯನ್ನು ಆರಿಸಿ ಅದಕ್ಕೆ ತುಂಬಿದ.

ಜೊತೆಗೆ ನಾಲ್ಕು ಕಾಳು ಹುಚ್ಚೆಳ್ಳು ಹಾಕಿದ. ಹಕ್ಕಿಗಳು ಮೊದಲು ಅದನ್ನೇ ಹೆಕ್ಕಿ ತಿಂದವು. ಅವನಿಗೆ ಹಿಗ್ಗೋ ಹಿಗ್ಗು. ಮರುದಿನ ಇನ್ನಷ್ಟು ಹಾಕಿದ. ಆಮೇಲೆ ಬರೀ ಹುಚ್ಚೆಳ್ಳೇ ಆಯಿತು. ಬೆಲ್ಲ ಕೇಳುವ ಮೊಮ್ಮಗುವಿಗೆ ಅನ್ನದ ಬದಲು ಬೆಲ್ಲವನ್ನೇ ಬಡಿಸುವ ತಾತನ ಪ್ರೀತಿ ಅದು. ಎಣ್ಣೆಕಾಳು ತಿಂದು ಹಕ್ಕಿಗಳು ದುಂಡಗಾದವು. ಹಾರುವುದು ಕಡಿಮೆಯಾಯಿತು. "ಮೈ ತುಂಬಿಕೊಂಡಾವ" ಎಂದು ಬಂದವರಿಗೆಲ್ಲ ತೋರಿಸಿದ.

ಸೊಪ್ಪು ಹಾಕಲಿಲ್ಲ. ಕಾಳಿನ ವ್ಯಾಪಾರಿಯ ಮನೆಯ ಹಕ್ಕಿ ಸೊಪ್ಪು ತಿನ್ನುವುದೆಂದರೆ ಜನ ಏನೆಂದಾರು? ಪಂಜರಕ್ಕೆ ಕಟ್ಟಿದ್ದ ಬಿಳಿ ತುಂಡು ಸವೆದು ಹೋಗಿತ್ತು. ಹುಡುಗಿ ಆಟಕ್ಕೆ ಕಟ್ಟಿದ್ದಾಳೆಂದು ಕಿತ್ತು ಎಸೆದ. ಹೆಣ್ಣುಹಕ್ಕಿಗೆ ಮೊಟ್ಟೆಯಿಡುವ ಕಾಲ ಬಂತು. ಮೊಟ್ಟೆಗೆ ಚಿಪ್ಪು ಕಟ್ಟಲು ಅದರ ಮೈಯಲ್ಲಿ ಸುಣ್ಣವಿರಲಿಲ್ಲ. ಅದು ಪಂಜರದ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿತು, ತಿಣುಕಿತು, ಅಲ್ಲೇ ಸತ್ತಿತು. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ನೆರೆಮನೆಯಾಕೆ ದೃಷ್ಟಿಯಾಗಿದೆ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಉಳಿದ ಹಕ್ಕಿ ಹೊಗೆಗೆ ಕೆಮ್ಮಿದ್ದೇ ಬಂತು.

ಹುಚ್ಚೆಳ್ಳು ಉಷ್ಣವಾಯಿತೇನೋ ಎಂದು ಅವನು ಮತ್ತೆ ನವಣೆಗೆ ಬಂದ. ಬೆಳ್ಳಿ ಬಟ್ಟಲನ್ನು ಕಂಠಮಟ್ಟ ತುಂಬಿದ. ಅದು ಪೇಟೆಗೆ ಹೊಸ ಮಾಲು ಬರುವ ಕಾಲ. ಹೊತ್ತು ಹುಟ್ಟುವ ಮೊದಲೇ ಹೋಗಿ ಸಂಜೆ ಬರುತ್ತಿದ್ದ. ಬಂದವನೇ ಬಾಗಿಲಲ್ಲಿ ನಿಂತು ಪಂಜರದತ್ತ ಇಣುಕುತ್ತಿದ್ದ. ಬಟ್ಟಲು ತುಂಬಿರುತ್ತಿತ್ತು. ಸಾಕಷ್ಟಿದೆ ಎಂದು ಕಾಲು ತೊಳೆಯಲು ಹೋಗುತ್ತಿದ್ದ. ಮರುದಿನವೂ ತುಂಬಿರುತ್ತಿತ್ತು. ತಿನ್ನಲೊಲ್ಲದು, ಜೋಡಿ ಹೋದ ದುಃಖ ಎಂದುಕೊಂಡ.

ಹಕ್ಕಿ ಹಾಡುವುದನ್ನು ನಿಲ್ಲಿಸಿತು. ಮೊದಮೊದಲು ಅವನಿಗೆ ಅದು ಒಳ್ಳೆಯದೇ ಅನ್ನಿಸಿತು. ದಣಿದು ಬಂದವನಿಗೆ ಮನೆ ತಣ್ಣಗಿತ್ತು. "ಬಲು ಗದ್ದಲ ಮಾಡತಿತ್ತು, ಈಗ ಶಾಂತ ಆಗೇತಿ" ಎಂದು ನೆರೆಮನೆಯಾಕೆಗೆ ಹೇಳಿದ.

ಇಲ್ಲಿಗೆ ಬಂದಾಗ ರಾಚಪ್ಪ ಕೂತಲ್ಲೇ ಒಮ್ಮೆ ಸರಿದು ಕೂತ. ಅಜ್ಜನವರು ಅದನ್ನು ಕಂಡೂ ಕಾಣದವರಂತೆ ಮುಂದುವರಿಸಿದರು.

ಪಂಚಮಿ ಹತ್ತಿರ ಬಂತು. ಒಂದು ಸಂಜೆ ಹಕ್ಕಿ ಕೋಲಿನ ಮೇಲೂ ಕೂರಲಾರದೆ ಕೆಳಗಿಳಿದು, ಬಟ್ಟಲಿನ ಮುಂದೆಯೇ ಕಣ್ಣು ಮುಚ್ಚಿ ಕೂತಿತ್ತು. ವ್ಯಾಪಾರಿ ಪಂಜರದತ್ತ ಓಡಿದ. ಮಗಳಿಗೆ ಏನು ಹೇಳಲಿ? ಎರಡು ಕೊಟ್ಟಿದ್ದಳು. ಒಂದನ್ನಾದರೂ ಉಳಿಸಿಕೊಳ್ಳಲಾಗದೆ ಹೋದೆನೇ? ಅವನು ಪಂಜರದ ಬಾಗಿಲು ತೆರೆದು ಮುಖವನ್ನು ಹತ್ತಿರ ತಂದ. "ನಿನಗೇನು ಕಡಿಮಿ ಮಾಡೇನಿ? ಬಾಯಿಬಿಟ್ಟು ಹೇಳಬಾರದೇನು?" ಎಂದ. ಹೇಳಿ ಉದ್ದಕ್ಕೆ ನಿಟ್ಟುಸಿರು ಬಿಟ್ಟ.

ಆ ಉಸಿರಿಗೆ ಬಟ್ಟಲಿನಲ್ಲಿದ್ದದ್ದೆಲ್ಲ ಹಾರಿತು. ಅವನ ಮೀಸೆಗೆ, ಕಣ್ಣಿಗೆ, ಕೊರಳಿಗೆ ಹೊಟ್ಟು ಮೆತ್ತಿಕೊಂಡಿತು. ಬಟ್ಟಲಿನಲ್ಲಿ ಉಳಿದದ್ದು ಬೆಳ್ಳಿಯ ತಳ.

ಫಿಂಚ್ ಹಕ್ಕಿ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಸಿಪ್ಪೆ ಸುಲಿದು ಒಳಗಿನ ತಿರುಳು ತಿನ್ನುತ್ತದೆ. ಸಿಪ್ಪೆ ಕೂತಲ್ಲೇ ಬೀಳುತ್ತದೆ, ಬಟ್ಟಲಿಗೇ ಬೀಳುತ್ತದೆ. ದೂರದಿಂದ ನೋಡಿದರೆ ನವಣೆಗೂ ಅದರ ಸಿಪ್ಪೆಗೂ ಒಂದೇ ಬಣ್ಣ. ಹಕ್ಕಿ ತಿನ್ನಲೊಲ್ಲದೆ ಕೂತಿರಲಿಲ್ಲ, ತಿಂದು ಮುಗಿಸಿ ಕೂತಿತ್ತು. ಆಳವಾದ ಬಟ್ಟಲಿನ ಅಡಿಯಲ್ಲಿ ಒಂದೋ ಎರಡೋ ಕಾಳು ಸಿಕ್ಕೀತೆಂದು ಕೆದಕಿ ಕೆದಕಿ ಸೋತಿತ್ತು. ಪೇಟೆಯಲ್ಲಿ ಹಿಡಿ ಹಿಡಿ ಕಾಳನ್ನು ಊದಿ ನೋಡಿದವನು ಮನೆಯಲ್ಲಿ ಬಟ್ಟಲಿನ ಬಾಯನ್ನು ನೋಡಿ ಕಾಲು ತೊಳೆಯಲು ಹೋಗಿದ್ದ.

ಅವನು ಅತ್ತ. ಗಂಡಸು, ವಯಸ್ಸಾದವನು, ಹೊಟ್ಟು ಮೆತ್ತಿದ ಮುಖದಲ್ಲೇ ಅತ್ತ. ಆಮೇಲೆ ಎದ್ದು ಅಂಗಡಿಗೆ ಓಡಿ ಒಂದು ಹಿಡಿ ನವಣೆ ತಂದು ಅಂಗೈಯನ್ನೇ ಪಂಜರದೊಳಗೆ ಚಾಚಿದ. ಹಕ್ಕಿ ಹೆದರಲಿಲ್ಲ, ಹೆದರುವ ತ್ರಾಣವೂ ಅದಕ್ಕಿರಲಿಲ್ಲ. ಅಂಗೈ ಮೇಲೆ ಬಿದ್ದು ತಿಂದಿತು. ಅದರ ಕೊಕ್ಕು ತಾಗಿದಲ್ಲೆಲ್ಲ ಅವನಿಗೆ ಚುರುಕ್ಕೆನ್ನುತ್ತಿತ್ತು, ಆದರೂ ಕೈ ತೆಗೆಯಲಿಲ್ಲ.

ಅದು ತಿಂದು ಕೋಲಿಗೆ ಹಾರಿದ ಮೇಲೆ ಮಗಳಿಗೆ ಫೋನ್ ಮಾಡಿದ. "ಯವ್ವಾ, ಅವಕ್ಕ ನೀ ಏನೇನು ಹಾಕತಿದ್ದಿ? ಹೇಳು. ಈಗ ಕೇಳತೇನಿ" ಎಂದ.

ಅವಳು ಒಂದೊಂದಾಗಿ ಹೇಳಿದಳು. ಒಂದೇ ಕಾಳು ಬೇಡ, ಬೆರಕೆ ಇರಲಿ. ಹುಚ್ಚೆಳ್ಳು ಹಬ್ಬದ ಹೋಳಿಗೆ ಇದ್ದ ಹಾಗೆ, ಅಪರೂಪಕ್ಕೆ. ಸೊಪ್ಪನ್ನು ಚೆನ್ನಾಗಿ ತೊಳೆದು ಹಾಕು, ಸಂಜೆಗೆ ಬಾಡಿದ್ದನ್ನು ತೆಗೆದುಬಿಡು. ಕಡಲನೊರೆ ಸದಾ ಇರಲಿ. ನೀರು ದಿನವೂ ಹೊಸದು. ಕೊನೆಗೆ, ಅಂದು ಅರ್ಧಕ್ಕೇ ನಿಂತ ಮಾತನ್ನು ಹೇಳಿದಳು. "ದಿನಾ ಮುಂಜಾನೆ ತಟ್ಟಿಯಾಗಿನ ಹೊಟ್ಟು ಊದಬೇಕಪ್ಪಾ. ಇಲ್ಲಾಂದ್ರ ತುಂಬಿದಂಗ ಕಾಣಸ್ತದ, ಒಳಗ ಏನೂ ಇರೂದಿಲ್ಲ." ಆಮೇಲೆ, "ಎರಡೂ ಆರಾಮ ಅದಾವಿಲ್ಲೋ?" ಎಂದು ಕೇಳಿದಳು.

"ಒಂದು ಐತೆವ್ವಾ" ಎಂದ ತಂದೆ.

ಅವಳು, "ಇದ್ದದ್ದನ್ನ ಜೋಪಾನ ಮಾಡಪ್ಪಾ, ನಾ ಬರತೇನಿ" ಎಂದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಅಂದಿನಿಂದ ವ್ಯಾಪಾರಿ ಪೇಟೆಗೆ ತಡವಾಗಿ ಹೋಗತೊಡಗಿದ. ಮಣ್ಣಿನ ತಟ್ಟೆಯನ್ನು ಹೊರಗೆ ತಂದು, ಅಂಗಳದಲ್ಲಿ ಕೂತು, ಊದಿ, ಉಳಿದ ಕಾಳನ್ನು ಬೆರಳಿನಿಂದ ಸರಿಸಿ ನೋಡಿ, ಹೊಸದು ಬೆರೆಸಿ ಇಡುತ್ತಿದ್ದ. ತೊಳೆದ ಮೆಂತ್ಯವನ್ನು ಸರಳಿಗೆ ಸಿಕ್ಕಿಸುತ್ತಿದ್ದ. ಕಂಡವರು ನಕ್ಕರು. ನಗಲಿ ಎಂದ.

ಅಜ್ಜನವರು ಕತೆ ನಿಲ್ಲಿಸಿ ನೀರು ಕುಡಿದರು. ರಾಚಪ್ಪನಿಗೆ ತಡೆಯಲಾಗಲಿಲ್ಲ. "ಪಂಚಮಿಗೆ ಮಗಳು ಬಂದಾಗ ಹಕ್ಕಿ ಹಾಡಿತೇನ್ರಿ ಅಜ್ಜಾರ?" ಎಂದು ಕೇಳಿದ.

"ಹಾಡಿತು. ಮೊದಲಿನಂಗ ಅಲ್ಲ. ಆದ್ರೂ ಹಾಡಿತು."

ರಾಚಪ್ಪನಿಗೆ ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಗಿರಣಿಯವನು ಅವನು, ಹೊಟ್ಟು ಯಾವುದು ಕಾಳು ಯಾವುದು ಎಂದು ಕತ್ತಲಲ್ಲೂ ಹೇಳಬಲ್ಲವನು. "ಎಂಥಾ ಮೂಢ ಮನಶ್ಯಾ ರೀ ಅಂವ! ತುಂಬಿದಂಗ ಕಂಡ್ರ ಮುಗೀತೇನು? ಒಮ್ಮೆ ಹತ್ತಿರ ಹೋಗಿ ಊದಿ ನೋಡಾಕ ಏನಾಗಿತ್ತು? ಆ ಮೂಕ ಜೀವ ಹ್ಯಾಂಗ ಹೇಳಬೇಕು?" ಎಂದ.

ಅಜ್ಜನವರು ಅವನ ಮಡಿಲಲ್ಲಿದ್ದ ಕೈಚೀಲವನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ರಾಚಪ್ಪಾ, ನೀಲವ್ವನ ಆ ಹೂಂ ಅನ್ನೂದನ್ನ ನೀ ಒಮ್ಮೆ ಊದಿ ನೋಡಿ ಬಂದಿಯೇನು?"

ರಾಚಪ್ಪ ಕೈಚೀಲ ಎತ್ತಿಕೊಂಡು ಎದ್ದ.