ಪರಸಪ್ಪ ಮೇಸ್ತ್ರಿಯ ಬಾಯೊಳಗಿನ ಹರಳು

ಪರಮಪೂಜ್ಯ ಶ್ರೀ ನಿರಾಳಲಿಂಗ ಶಿವಯೋಗಿಗಳು ತಮ್ಮ ಕಡೆಯ ಹನ್ನೆರಡು ವರುಷಗಳನ್ನು ಕಳೆದದ್ದು ಮಠದಲ್ಲಲ್ಲ, ಗುಹೆಯಲ್ಲೂ ಅಲ್ಲ. ಘಟಪ್ರಭೆಯ ಆಚೆ ದಂಡೆಯ ಬಿಳಿಕಲ್ಲ ಗುಡ್ಡದ ಬುಡದಲ್ಲಿ, ಗಣಿಯವರು ಬಿಟ್ಟುಹೋದ ಒಂದು ತಗಡಿನ ಚಪ್ಪರವೇ ಅವರಿಗೆ ಸಾಕಾಗಿತ್ತು. ಮಗ್ಗುಲಲ್ಲೇ ಕಲ್ಲು ಅರೆಯುವ ಗಿರಣಿ. ಗುಡ್ಡದಿಂದ ಒಡೆದು ತಂದ ಬಿಳಿಕಲ್ಲನ್ನು ಅಲ್ಲಿ ನುಣ್ಣಗೆ ಅರೆದು, ಜರಡಿ ಹಿಡಿದು, ಚೀಲ ತುಂಬಿ ಬಣ್ಣದ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಗೋಡೆಗೆ ಬಳಿಯುವ ಬಣ್ಣಕ್ಕೆ ಒಂದು ಮೈ ಬರಬೇಕಾದರೆ ಈ ಪುಡಿ ಬೆರೆಯಲೇಬೇಕು. ಗಿರಣಿಯ ಹರಿದ ಚೀಲಗಳನ್ನು ಶಿವಯೋಗಿಗಳು ತಾವೇ ತರಿಸಿಕೊಂಡು ದಬ್ಬಣದಿಂದ ಹೊಲಿದು ಕೊಡುತ್ತಿದ್ದರು. ‘ಉಂಡ ಅನ್ನಕ್ಕ ಕೈಯೂ ಏನಾರ ಮಾಡಬೇಕಲ್ಲೊ’ ಎಂಬುದು ಅವರ ಮಾತು. ಹೀಗಾಗಿ ಜನರ ಬಾಯಲ್ಲಿ ಅವರು ಚೀಲದಜ್ಜನವರಾದರು.

ಆ ಗಿರಣಿಯಲ್ಲಿ ಪುಡಿಯ ನುಣುಪು ನೋಡುವವನು ಪರಸಪ್ಪ ಮೇಸ್ತ್ರಿ. ಬೇರೆ ಕಡೆ ಅದಕ್ಕೆಲ್ಲ ಏನೇನೋ ಯಂತ್ರಗಳಿದ್ದವಂತೆ. ಇಲ್ಲಿದ್ದದ್ದು ಪರಸಪ್ಪನ ಬಾಯಿ. ಚಿಟಿಕೆ ಪುಡಿಯನ್ನು ನಾಲಿಗೆಯ ತುದಿಗೆ ಹಾಕಿಕೊಂಡು, ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಆಡಿಸುವನು. ಕರುಕ್ಕೆಂದರೆ ಮತ್ತೆ ಅರೆಯಬೇಕು. ಬೆಣ್ಣೆಯ ಹಾಗೆ ಜಾರಿದರೆ ಉಗುಳಿ, ಬಾಯಿ ಮುಕ್ಕಳಿಸಿ, ‘ಚೊಲೊ ಐತಿ, ತುಂಬ್ರಿ’ ಎನ್ನುವನು. ಇಪ್ಪತ್ತು ವರುಷಗಳಲ್ಲಿ ಆ ಬಾಯಿ ಒಮ್ಮೆಯೂ ತಪ್ಪಿರಲಿಲ್ಲ. ಅದರ ಗರ್ವವೂ ಅವನಿಗೆ ಸಾಕಷ್ಟಿತ್ತು. ಅಜ್ಜನವರ ಚಪ್ಪರದ ಮುಂದೆ ಹೋಗುವಾಗ ‘ಕೆಲಸಿಲ್ಲದ ಸ್ವಾಮಿ, ಚೀಲ ಹೊಲಕೋತ ಕುಂತಾನ’ ಎಂದು ಜೊತೆಗಾರರನ್ನು ನಗಿಸುತ್ತಿದ್ದ.

ಒಂದು ಹುಣ್ಣಿಮೆಯ ದಿನ ಲಾರಿ ಬಂದು ನಿಂತಿತ್ತು. ಜರಡಿಯ ಮುಂದೆ ಕೂರುವ ದ್ಯಾಮವ್ವ ಓಡಿ ಬಂದು, ‘ಮೇಸ್ತ್ರೀ, ಜರಡಿ ಅಂಚಿನ್ಯಾಗ ಹರದೈತ್ರಿ. ಬೆರಳು ತೂರತೈತಿ ನೋಡ್ರಿ’ ಎಂದಳು. ಪರಸಪ್ಪ ನೋಡಿದ. ನಿಜವೇ. ಹೊಸ ಜರಡಿ ಪ್ಯಾಟೆಯಿಂದ ಬರಬೇಕು, ಅಲ್ಲಿಯ ತನಕ ಗಿರಣಿ ನಿಲ್ಲಬೇಕು. ಸಂಜೆಯೊಳಗೆ ಲಾರಿ ತುಂಬಿಸುತ್ತೇನೆಂದು ಗಿರಣಿಯ ಸಾವಕಾರರ ಮುಂದೆ ಎದೆ ತಟ್ಟಿ ಹೇಳಿದವನು ತಾನೇ. ಪುಡಿಯನ್ನು ಬಾಯಿಗೆ ಹಾಕಿಕೊಂಡ. ಕರುಕ್ಕೆಂದಿತು. ‘ಏನೂ ಆಗೂದಿಲ್ಲ, ನಡಸು’ ಎಂದುಬಿಟ್ಟ.

ಹದಿನೈದು ದಿನಕ್ಕೆ ಮಾಲು ಹಾಗೆಯೇ ತಿರುಗಿ ಬಂತು. ಆ ಪುಡಿ ಬೆರೆಸಿದ ಬಣ್ಣವನ್ನು ಬಳಿದ ಗೋಡೆಯ ಮೇಲೆ ಕೈಯಾಡಿಸಿದರೆ ಬೆರಳು ತರಚುತ್ತಿತ್ತಂತೆ. ಸಾವಕಾರರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಕೇಳಿದರು. ದ್ಯಾಮವ್ವ ಅಂಜದೆ, ‘ಜರಡಿ ಹರದದ್ದು ಮೇಸ್ತ್ರಿಗೆ ತೋರಿಸಿದ್ದೆರಿ’ ಎಂದಳು. ಪರಸಪ್ಪನ ಬಾಯಿಂದ ಬಂದ ಮಾತು ಒಂದೇ: ‘ನನಗ ಯಾರೂ ತೋರಿಸಿಲ್ರಿ.’

ಇಪ್ಪತ್ತು ವರುಷ ತಪ್ಪದ ಬಾಯಿ. ಯಾರು ತಾನೇ ನಂಬದಿದ್ದಾರು? ದ್ಯಾಮವ್ವನ ಕೆಲಸ ಹೋಯಿತು. ಆಕೆ ಒಂದು ಸಲ ಅವನ ಮುಖ ನೋಡಿದಳು. ತಲೆಯ ಮೇಲಿನ ಬಿಳಿ ಧೂಳನ್ನು ಸೆರಗಿನಿಂದ ಕೊಡವಿಕೊಂಡು ಗಿರಣಿಯ ಬಾಗಿಲು ದಾಟಿ ಹೋದಳು. ಗಂಡನಿಲ್ಲದ ಹೆಂಗಸು, ಮನೆಯಲ್ಲಿ ಕಣ್ಣು ಕಾಣದ ಅತ್ತೆ.

ಮರುದಿನ ಮುಂಜಾನೆ ಪರಸಪ್ಪ ರೊಟ್ಟಿ ಮುರಿದು ಬಾಯಿಗಿಟ್ಟ. ಕರುಕ್ಕೆಂದಿತು. ಹೆಂಡತಿಯ ಮೇಲೆ ಹರಿಹಾಯ್ದ. ಆಕೆ ಹಿಟ್ಟು ಸಾಣಿಸಿ ಬೇರೆ ರೊಟ್ಟಿ ಬಡಿದಳು. ಅದರಲ್ಲೂ ಹರಳು. ಬೀಗರ ಮನೆಯಲ್ಲಿ ಉಂಡು ನೋಡಿದ, ಖಾನಾವಳಿಯಲ್ಲಿ ಉಂಡು ನೋಡಿದ, ಅಲ್ಲೂ ಅದೇ. ಕಡೆಗೆ ಮೊಸರಿನಲ್ಲಿ ಹರಳು, ಬಾಳೆಹಣ್ಣಿನಲ್ಲಿ ಹರಳು! ಓದುವವರು ನಗಬಾರದು, ಉಣ್ಣಲಾರದವನ ಸಂಕಟ ಹಸಿದವನ ಸಂಕಟಕ್ಕಿಂತ ಕಡಿಮೆಯದಲ್ಲ. ಹಲ್ಲಿನ ವೈದ್ಯರು ದೀಪ ಹಿಡಿದು ನೋಡಿ, ಬಾಯಲ್ಲಿ ಏನೂ ಇಲ್ಲವೆಂದು ಕಳಿಸಿದರು. ಒಂದು ತಿಂಗಳಲ್ಲಿ ಅಂಗಿ ಮೈಮೇಲೆ ಜೋಲಾಡತೊಡಗಿತು. ‘ಹಿಂಗಾದ್ರ ನೀವು ಉಳಿಯೂದಿಲ್ಲ, ಅಜ್ಜಾರ ಕಡೆ ಹೋಗಿ ಬರ್ರಿ’ ಎಂದು ಹೆಂಡತಿ ಅತ್ತಳು. ಜೀವ ಹೋಗುವ ಭಯಕ್ಕಿಂತ ದೊಡ್ಡ ಭಕ್ತಿ ಆಗ ಪರಸಪ್ಪನಲ್ಲಿ ಇರಲಿಲ್ಲ. ಆದರೂ ಹೊರಟ.

ಅಜ್ಜನವರು ಚೀಲ ಹೊಲಿಯುತ್ತಿದ್ದರು. ತಲೆ ಎತ್ತದೆಯೇ, ‘ಕುಂಡ್ರು’ ಎಂದರು. ಪರಸಪ್ಪ ತನ್ನ ಬಾಧೆಯನ್ನೆಲ್ಲ ತೋಡಿಕೊಂಡ. ಜರಡಿಯ ಮಾತೊಂದನ್ನು ಮಾತ್ರ ಬಿಟ್ಟ. ಅಜ್ಜನವರು ದಾರವನ್ನು ಕಚ್ಚಿ ತುಂಡರಿಸಿ ಕೇಳಿದರು:

‘ಯಾವತ್ತಿನಿಂದ?’

‘ತಿಂಗಳಾತ್ರಿ. ಮಾಲು ತಿರುಗಿ ಬಂತಲ್ರಿ, ಅದರ ಮರುದಿನದಿಂದ.’

‘ಮಾಲು ಬಂದ ದಿನ ಗಿರಣ್ಯಾಗ ಏನಾತು?’

‘ಏನೂ ಇಲ್ರಿ ಅಜ್ಜಾರ... ಜರಡಿ ದ್ಯಾಮವ್ವನ್ನ ಕೆಲಸದಿಂದ ತಗದ್ರು, ಅಷ್ಟ.’

ಅಜ್ಜನವರು ಆಗ ಅವನ ಮುಖವನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ ಎಂದು ಪರಸಪ್ಪ ಮುಂದೆ ಎಷ್ಟೋ ಸಲ ಹೇಳಿದ್ದಾನೆ, ಸಿಟ್ಟಿದ್ದಿದ್ದರೆ ತಾಳಿಕೊಳ್ಳಬಹುದಾಗಿತ್ತಂತೆ. ‘ಆಕಿ ಮನ್ಯಾಗ ಒಂದು ಹೊತ್ತು ಉಂಡು ಬಾ’ ಎಂದಷ್ಟೇ ನುಡಿದು ಮತ್ತೆ ದಬ್ಬಣ ಹಿಡಿದರು.

ಪರಸಪ್ಪ ಎದ್ದು ಮನೆಗೆ ನಡೆದ. ಭಸ್ಮ ಕೊಡುತ್ತಾರೆ, ತಾಯತ ಕಟ್ಟುತ್ತಾರೆ ಎಂದು ಬಂದವನಿಗೆ ಇದೆಂಥ ಮದ್ದು? ಎರಡು ದಿನ ಹಟ ಹಿಡಿದ. ಮೂರನೆಯ ದಿನ ಮಧ್ಯಾಹ್ನ ಗೋಡೆ ಹಿಡಿದು ಏಳಬೇಕಾದಾಗ ಹಟ ಇಳಿಯಿತು.

ದ್ಯಾಮವ್ವ ಒಲೆಯ ಮುಂದಿದ್ದಳು. ಬಾಗಿಲಲ್ಲಿ ಮೇಸ್ತ್ರಿಯನ್ನು ಕಂಡು ಸರಕ್ಕನೆ ಎದ್ದು ನಿಂತಳು.

‘ಸಾವಕಾರ್ರು ಕರ್ಯಾಕ ಕಳಿಸ್ಯಾರೇನ್ರಿ?’

‘ಇಲ್ಲವ್ವ. ಉಣ್ಣಾಕ ಬಂದೀನಿ. ಒಂದು ರೊಟ್ಟಿ ಕೊಡ್ತಿ?’

ಅವಳ ಕಣ್ಣು ಕೆಂಪಾದವು. ‘ನನ್ನ ಮ್ಯಾಲ ಸುಳ್ಳು ಹೇಳಿ ನನ್ನ ಮನಿಗೇ ಉಣ್ಣಾಕ ಬಂದೀರಿ? ನಿಮಗ ಎಷ್ಟ ಧೈರ್ಯರೀ!’ ಎಂದಳು. ಇನ್ನೂ ಏನೇನೋ ಬರುವುದಿತ್ತು. ಅಷ್ಟರಲ್ಲಿ ಅವನ ಕುಳಿಬಿದ್ದ ಕೆನ್ನೆ, ಮೈಮೇಲೆ ಜೋಲುತ್ತಿದ್ದ ಅಂಗಿ ಕಣ್ಣಿಗೆ ಬಿದ್ದವು. ಚಾಪೆ ಹಾಸಿದಳು.

‘ಕುಂಡ್ರಿ. ಮೊದಲು ಉಣ್ರಿ. ಉಂಡ ಮ್ಯಾಲ ಬೈತೀನಿ.’

ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಪರಸಪ್ಪ ತುತ್ತು ಬಾಯಿಗಿಟ್ಟ. ಕರುಕ್ಕೆಂದಿತು. ಇದೂ ಅದೇ ಎಂದು ಕಣ್ಣು ಮುಚ್ಚಿದ. ಆಗ ದ್ಯಾಮವ್ವನೇ ತಲೆ ತಗ್ಗಿಸಿ, ‘ಹರಳು ಬಂತೇನ್ರಿ? ಸಂತಿ ಕಟ್ಟಿ ಮ್ಯಾಲಿಂದ ಗುಡಿಸಿ ತಂದ ಜ್ವಾಳ್ರಿ ಇದು. ಎಷ್ಟ ಕೇರಿದ್ರೂ ಉಳದಬಿಡ್ತಾವ. ನಮ್ಮತ್ತಿಗೆ ಹಲ್ಲಿಲ್ಲ, ನೆನಸಿ ಕೊಡ್ತೀನಿ. ನೀವು ನೋಡಿಕೊಂಡು ಉಣ್ರಿ’ ಎಂದಳು.

ಪರಸಪ್ಪ ನಾಲಿಗೆಯಿಂದ ತಡವಿ ನೋಡಿದ. ಹೌದು, ಇದು ನಿಜವಾದ ಕಲ್ಲು. ತನ್ನ ಬಾಯಲ್ಲಿ ಇಲ್ಲದ ಹರಳಿಗೆ ತಾನು ಊರೂರು ತಿರುಗಿದ್ದ. ಇಲ್ಲಿ ಇಬ್ಬರು ಹೆಂಗಸರು ಅವನ ಒಂದು ಮಾತಿನ ದೆಸೆಯಿಂದ ಇರುವ ಹರಳನ್ನೇ ದಿನವೂ ನುಂಗುತ್ತಿದ್ದರು, ಯಾವ ವೈದ್ಯರ ಬಾಗಿಲಿಗೂ ಹೋಗಿರಲಿಲ್ಲ. ಅವನು ಉಗುಳಲಿಲ್ಲ. ಅಳುತ್ತಳುತ್ತಲೇ ಆ ರೊಟ್ಟಿಯನ್ನು ಪೂರ್ತಿ ಉಂಡ. ದ್ಯಾಮವ್ವ ಇನ್ನೊಂದು ರೊಟ್ಟಿಯನ್ನು ತಾಟಿಗೆ ಹಾಕಿದಳು. ಅದನ್ನೂ ಉಂಡು, ಕೈ ತೊಳೆದು, ಅವಳ ಮುಂದೆ ಕೈಕಟ್ಟಿ ಕುಳಿತು, ‘ಈಗ ಬೈಯವ್ವ’ ಎಂದ.

ಬೈದಳು. ಮನಸಾರೆ, ಒಂದು ತಿಂಗಳ ಬಾಕಿ ಉಳಿಯದ ಹಾಗೆ ಬೈದಳು. ಒಳಗಿನಿಂದ ಅತ್ತೆಯೂ ನಡುನಡುವೆ ದನಿ ಕೂಡಿಸಿದಳು.

ಅಲ್ಲಿಂದ ನೇರ ಗಿರಣಿಗೆ ಹೋದ. ಯಂತ್ರ ನಿಲ್ಲಿಸಿ, ಎಲ್ಲರನ್ನೂ ಅದೇ ಅಂಗಳಕ್ಕೆ ಕರೆದು, ‘ಸಾವಕಾರ್ರ, ಜರಡಿ ಹರದದ್ದು ನಾ ಕಣ್ಣಾರೆ ನೋಡಿದ್ದೆ. ಪುಡಿ ಗರಸು ಐತಿ ಅಂತನೂ ಗೊತ್ತಿತ್ತು. ಸುಳ್ಳು ಹೇಳಿದೆ. ಹೋಗಬೇಕಾದಾಂವ ನಾನು, ಆಕಿ ಅಲ್ಲ’ ಎಂದ. ಸಾವಕಾರರು ಕೆಂಡವಾದರು, ಆಗಬೇಕಾದದ್ದೇ. ಅಂದೇ ಅವನನ್ನು ಮೇಸ್ತ್ರಿಕೆಯಿಂದ ಇಳಿಸಿ ಚೀಲ ಹೊರುವುದಕ್ಕೆ ಹಾಕಿದರು. ದ್ಯಾಮವ್ವನಿಗೆ ಕರೆ ಹೋಯಿತು. ಆ ರಾತ್ರಿ ಮನೆಗೆ ಬಂದ ಪರಸಪ್ಪ ಗಂಗಾಳದ ತುಂಬ ಅನ್ನ ಉಂಡ. ಹಲ್ಲಿಗೆ ಏನೂ ತಾಕಲಿಲ್ಲ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಗುರುಗಳ ಹೆಸರು ಹೇಳಿ ಕಣ್ಣೊರೆಸಿಕೊಂಡಳು.

ಸೋಮವಾರ ಅವನು ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಚಪ್ಪರಕ್ಕೆ ಬಂದ. ಹೊಲಿದ ಚೀಲಗಳನ್ನು ಒಯ್ಯಲು ದ್ಯಾಮವ್ವನೂ ಆಗಲೇ ಬಂದಿದ್ದಳು. ಪರಸಪ್ಪ ಕಾಯಿ ಕೆಳಗಿಟ್ಟು, ‘ಅಪ್ಪಾ, ನನ್ನ ಜೀವ ಉಳಿಸಿದ್ರಿ’ ಎಂದು ನಡೆದದ್ದನ್ನೆಲ್ಲ ಅರಿಕೆ ಮಾಡಿದ. ದ್ಯಾಮವ್ವ ಆಡಿದ ಮಾತನ್ನೂ ಇದ್ದದ್ದು ಇದ್ದಂತೆ ಒಪ್ಪಿಸಿದ. ಅದು ಕಿವಿಗೆ ಬಿದ್ದದ್ದೇ ಅಜ್ಜನವರ ಕೈ ನಿಂತಿತು. ದಬ್ಬಣವನ್ನು ಕೆಳಗಿಟ್ಟರು. ಎಂಬತ್ತು ದಾಟಿದ ಆ ವೃದ್ಧ ಯತಿಗಳು ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದು ನಿಂತರು.

‘ಮೊದಲು ಉಣ್ರಿ, ಉಂಡ ಮ್ಯಾಲ ಬೈತೀನಿ ಅಂದೇನವ್ವ?’ ಎಂದು ಆಕೆಯನ್ನೇ ಕೇಳಿದರು.

ದ್ಯಾಮವ್ವ ನಾಚಿ, ‘ಹೌದ್ರಿ ಯಪ್ಪಾ. ಹಸದಿದ್ರು’ ಎಂದಳು.

‘ನಲವತ್ತು ವರ್ಷ ಜಪ ಮಾಡೀನಿ ತಾಯಿ. ನನಗ ಇನ್ನೂ ಸಿಟ್ಟೇ ಮೊದಲು ಬರತೈತಿ.’

ಇಷ್ಟು ನುಡಿದು ಶಿವಯೋಗಿಗಳು ಆಕೆಗೆ ಎರಡೂ ಕೈಯೆತ್ತಿ ಮುಗಿದರು. ದ್ಯಾಮವ್ವ ಏನು ಮಾಡಬೇಕೋ ತಿಳಿಯದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗುರುಗಳ ಪಾದ ಹಿಡಿಯಲು ಬಂದಿದ್ದ ಪರಸಪ್ಪ ಅಂದು ಆ ಪಾದ ಹಿಡಿಯಲಿಲ್ಲ. ಗುರುಗಳು ಯಾರಿಗೆ ಕೈಮುಗಿದರೋ ಅವಳ ಪಾದದ ಮುಂದೆ ಉದ್ದಕ್ಕೆ ಬಿದ್ದ. ಎಷ್ಟು ಹೊತ್ತಾದರೂ ಏಳಲಿಲ್ಲ. ಅಜ್ಜನವರು ಎಬ್ಬಿಸಲಿಲ್ಲ, ಕಣ್ಣು ಮುಚ್ಚಿ ನಿಂತೇ ಇದ್ದರು. ಇಪ್ಪತ್ತು ವರುಷ ಅವನನ್ನು ಮೇಸ್ತ್ರಿಯೆಂದೇ ಕರೆದಿದ್ದ ದ್ಯಾಮವ್ವ ಕಡೆಗೆ ಬಗ್ಗಿ, ಅವನ ತೋಳು ಹಿಡಿದಳು.

‘ಏಳಣ್ಣಾ’ ಎಂದಳು.