ಬಾವಿಯ ದಂಡೆಯ ಮೇಲೆ ಕುಳಿತವರು

"ಉಸ್ತಾದ್ರ, ನೀರಿಗೆ ಹೆದರೋ ಹುಡುಗೀನ ಎತ್ತಿ ಬಾವ್ಯಾಗ ಒಗದ್ರ ಹೆದರಿಕಿ ಹೋಗತೈತೋ ಇಲ್ಲೋ?"

ನೀಲವ್ವ ಕೇಳಿದ್ದು ಇಷ್ಟೇ. ಕೇಳಿದ ಧಾಟಿ ನೋಡಿದರೆ ಅವಳಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಅಪ್ಪಣೆ. ನಾಳೆ ಬೆಳಿಗ್ಗೆ ಒಗೆದೇ ತೀರುವುದು ಎಂದು ದಾರಿಯುದ್ದಕ್ಕೂ ಪೆಡಲ್ ತುಳಿಯುತ್ತಲೇ ಅವಳು ನಿರ್ಧರಿಸಿಕೊಂಡು ಬಂದಿದ್ದಳು.

ಹುಸೇನಸಾಬ ಉಸ್ತಾದರು ಸೈಕಲ್ಲಿನ ಗಾಲಿಯೊಂದನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಸ್ಪೋಕ್ ಬಿಗಿಯುತ್ತ ಕುಳಿತಿದ್ದರು. ಆ ಸೀಮೆಯಲ್ಲಿ ಸೈಕಲ್ ತುಳಿದು ಹೆಸರು ಮಾಡಿದ ಎಷ್ಟೋ ಮಕ್ಕಳು ಅವರ ಕೈಯಲ್ಲಿ ಪಳಗಿದವರು. ನೀಲವ್ವನೂ ಅವರಲ್ಲಿ ಒಬ್ಬಳು. ಈಗ ಅವಳೇ ನಾಲ್ಕು ಮಕ್ಕಳಿಗೆ ಕಲಿಸುವವಳಾಗಿದ್ದಳು. ಆದರೂ ಒಂದು ಸಣ್ಣ ತೊಡಕು ಬಂದರೆ ಸಾಕು, ಉಸ್ತಾದರ ಅಂಗಳಕ್ಕೆ ಓಡಿ ಬರುತ್ತಿದ್ದಳು.

ಯಾರನ್ನು ಒಗೆಯುವುದು, ಯಾಕೆ ಒಗೆಯುವುದು ಎಂದು ಉಸ್ತಾದರು ವಿಚಾರಿಸಿದರು. ನೀಲವ್ವ ಎಲ್ಲವನ್ನೂ ಹೇಳಿದಳು. ಚಿಕ್ಕಂದಿನಿಂದ ಉಸ್ತಾದರು ಕಲಿಸುತ್ತಿದ್ದ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದ ಅವಳು ಊರಿಗೆ ಮರಳಿ ಬಡವರ ಮಕ್ಕಳಿಗಾಗಿ ಟ್ರಯಥ್ಲಾನ್ ತರಬೇತಿ ಶುರು ಮಾಡಿದ್ದಳು. ಮೊದಲು ಈಜು, ಅದು ಮುಗಿದ ಕೂಡಲೇ ಸೈಕಲ್, ಸೈಕಲ್ ಇಳಿದ ಕೂಡಲೇ ಓಟ. ಒಂದು ಸಂಸ್ಥೆಯವರು ಹಳೆಯ ಸೈಕಲ್ಲುಗಳನ್ನು ಕೊಟ್ಟಿದ್ದರು. ಓಡುವುದಕ್ಕೆ ಕಾಲುವೆಯ ರಸ್ತೆ ಇತ್ತು. ಈಜುಕೊಳ ಮಾತ್ರ ತಾಲೂಕಿನಲ್ಲೆಲ್ಲೂ ಇರಲಿಲ್ಲ. ಆಗ ಅವಳ ತಂದೆ ಶಿವನಗೌಡರು ತಮ್ಮ ಹೊಲದ ಬಾವಿಯನ್ನೇ ಬಿಟ್ಟುಕೊಟ್ಟರು. ಇದನ್ನು ಹೇಳುವಾಗ ನೀಲವ್ವನ ಮುಖ ಅರಳಿತು. ಬಾವಿ ಕೊಟ್ಟದ್ದಷ್ಟೇ ಅಲ್ಲ, ಅಪ್ಪ ದಿನಾ ಮುಂಜಾನೆ ತಾವೇ ಬಂದು ಬಾವಿಯ ದಂಡೆಯ ಮೇಲೆ ಕೂರುತ್ತಾರೆ, ಯಾವ ಕೂಸೂ ಮುಳುಗಬಾರದು ಎಂದು ಕಾಯುತ್ತಾರೆ ಎಂದಳು. ಊರಿನ ಗೌಡರೊಬ್ಬರು ಬಡವರ ಮಕ್ಕಳಿಗಾಗಿ ಇಷ್ಟು ಮಾಡುವುದನ್ನು ಬೇರೆಲ್ಲಿ ನೋಡಿದ್ದೀರಿ ಎಂದೂ ಕೇಳಿದಳು.

ಉಸ್ತಾದರು ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿದರು. ಆ ಹುಡುಗಿ ಯಾರು ಎಂದರು.

ಹುಡುಗಿಯ ಹೆಸರು ಹುಲಿಗೆವ್ವ. ಊರ ಹೊರಗಿನ ಕೇರಿಯವಳು. ಸೈಕಲ್ ಹತ್ತಿದರೆ ಅವಳ ಹಿಂದಿನ ಗಾಲಿ ಮಾತ್ರ ಬೇರೆಯವರಿಗೆ ಕಾಣುತ್ತಿತ್ತು. ಓಟದಲ್ಲಿ ಗಂಡುಹುಡುಗರೂ ಅವಳಿಗೆ ಸಾಟಿಯಲ್ಲ. ಮುಂದಿನ ವಾರ ಜಿಲ್ಲಾ ಕೇಂದ್ರದಲ್ಲಿ ಆಯ್ಕೆ. ಆಯ್ಕೆಯಾದರೆ ಹಾಸ್ಟೆಲು, ಊಟ, ಓದು ಎಲ್ಲ ಸರ್ಕಾರದ್ದು. ಆಗದಿದ್ದರೆ ಹತ್ತಿ ಬಿಡಿಸಲು ಹೋಗಬೇಕು, ಬೇಸಿಗೆ ಕಳೆಯುವುದರೊಳಗೆ ಮದುವೆಯ ಮಾತು ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಆ ಹುಡುಗಿ ನೀರಿಗೆ ಕಾಲಿಡುವುದಿಲ್ಲ. ದಿನಾ ತಪ್ಪದೆ ಬರುತ್ತಾಳೆ, ದೂರದ ಬೇವಿನ ಮರದ ಕೆಳಗೆ ನಿಲ್ಲುತ್ತಾಳೆ. ಒಂದು ದಿನ ಕಿವಿ ನೋವು, ಇನ್ನೊಂದು ದಿನ ಚಳಿ. ಆ ಕೇರಿಯ ಉಳಿದ ಮಕ್ಕಳದೂ ಅದೇ ಹಾಡು. ಅವರಿಗೆ ನೀರಿನ ರೂಢಿಯೇ ಇಲ್ಲ ಎಂದು ನೀಲವ್ವ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಉಸ್ತಾದರು ಗಾಲಿಯನ್ನು ಗೋಡೆಗೆ ಒರಗಿಸಿದರು. ಒಂದು ಕತೆ ಹೇಳುತ್ತೇನೆ, ಕೇಳಿಕೊಂಡು ಹೋಗಿ ಆಮೇಲೆ ಬೇಕಾದರೆ ಒಗೆ ಎಂದರು.

ಒಂದು ಊರಿನಲ್ಲಿ ಒಬ್ಬ ತರಬೇತುದಾರನಿದ್ದ. ಒಳ್ಳೆಯವನು. ಬಡ ಮಕ್ಕಳನ್ನು ಮೇಲೆ ತರಬೇಕೆಂದು ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದ. ಆ ಊರಿನ ಒಬ್ಬ ರೈತ ಈಜು ಕಲಿಸಲು ತನ್ನ ಬಾವಿಯನ್ನು ಕೊಟ್ಟ. ರೈತನೂ ಒಳ್ಳೆಯವನೇ. ಈಜಿ ದಣಿದ ಮಕ್ಕಳಿಗೆ ತನ್ನ ತೋಟದ ಬಾಳೆಹಣ್ಣು ತರಿಸಿ ಹಂಚುತ್ತಿದ್ದ. ದಿನಾ ಬಾವಿಯ ದಂಡೆಯ ಮೇಲೆ ಕೂತು ನೋಡುತ್ತಿದ್ದ.

ತರಬೇತುದಾರನ ಕೈಯಲ್ಲಿ ಒಬ್ಬ ಹುಡುಗಿ ಇದ್ದಳು. ಊರ ಹೊರಗಿನ ಕೇರಿಯವಳು. ಓಟದಲ್ಲೂ ಸೈಕಲ್ಲಿನಲ್ಲೂ ಎಲ್ಲರಿಗಿಂತ ಮುಂದು. ನೀರಿಗೆ ಮಾತ್ರ ಇಳಿಯಳು. ಯಾಕೆ ಎಂದು ಅವನು ದಿನಾ ಕೇಳುತ್ತಿದ್ದ. ಅವಳು ದಿನಾ ಒಂದೊಂದು ನೆಪ ಹೇಳುತ್ತಿದ್ದಳು.

ನೀಲವ್ವ ನಡುವೆಯೇ ನಕ್ಕುಬಿಟ್ಟಳು. ಉಸ್ತಾದರು ತನ್ನ ಕತೆಯನ್ನೇ ತಿರುಗಿಸಿ ತನಗೆ ಹೇಳುತ್ತಿದ್ದಾರೆ ಎನಿಸಿತು ಅವಳಿಗೆ. ಕೊನೆಗೆ ಆ ಹುಡುಗಿ ಪದಕ ಗೆದ್ದಳು ಎಂದು ಮುಗಿಯಬಹುದು ಎಂದುಕೊಂಡು ಗೋಡೆಗೆ ಬೆನ್ನು ಕೊಟ್ಟು ಆರಾಮಾಗಿ ಕುಳಿತಳು. ಉಸ್ತಾದರು ನಗಲಿಲ್ಲ.

ಆ ಸೀಮೆಯಲ್ಲಿ ಈಜು ಕಲಿಸುವುದು ಒಂದೇ ರೀತಿ. ಬೆನ್ನಿಗೆ ಬೆಂಡು ಕಟ್ಟುವುದು, ಮೆಟ್ಟಿಲ ಮೇಲೆ ನಿಲ್ಲಿಸುವುದು, ಹಿಂದಿನಿಂದ ನೂಕುವುದು. ನೂಕಿಸಿಕೊಂಡವರು ಅಳುತ್ತಾರೆ, ಬಯ್ಯುತ್ತಾರೆ, ಈಜುತ್ತಾರೆ. ತರಬೇತುದಾರನನ್ನೂ ಅವನ ಸೋದರಮಾವ ಹಾಗೆಯೇ ನೂಕಿದ್ದ. ಆಯ್ಕೆಯ ದಿನ ಹತ್ತಿರ ಬಂತು. ಹುಡುಗಿಯ ಬಾಳು ಒಂದು ಹೆದರಿಕೆಯಿಂದ ಹಾಳಾಗುತ್ತಿದೆಯಲ್ಲ ಎಂದು ಅವನಿಗೆ ಸಂಕಟವಾಯಿತು. ಒಂದು ಬೆಳಿಗ್ಗೆ ಹುಡುಗಿ ಮರದ ಕೆಳಗೆ ಎಂದಿನಂತೆ ನಿಂತಿದ್ದಳು. ಅವನು ಹಿಂದಿನಿಂದ ಹೋಗಿ ಅವಳನ್ನು ಎತ್ತಿಕೊಂಡ. ಅವಳು ಒದ್ದಾಡಿದಳು, ಬೇಡ ಸರ್, ಬೇಡ ಸರ್ ಎಂದಳು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ನಗುನಗುತ್ತ ಅವಳನ್ನು ಬಾವಿಗೆ ಒಗೆದ.

ಒಗೆದು ತಾನೂ ಅಂಗಿ ಬಿಚ್ಚಿ ಹಾರಲು ಸಿದ್ಧನಾದ. ಹಾರುವ ಪ್ರಮೇಯವೇ ಬರಲಿಲ್ಲ. ಹುಡುಗಿ ನೀರಿನೊಳಗಿನಿಂದ ಮೇಲೆದ್ದಳು. ಕೈ ಬೀಸಿದಳು. ಅವನು ಕಲಿಸಿದ ಯಾವ ಮಗುವೂ ಹಾಗೆ ಕೈ ಬೀಸಿರಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಬಾವಿ ದಾಟಿ ಮೆಟ್ಟಿಲು ಹತ್ತಿದಳು. ತರಬೇತುದಾರ ಬೆರಗಾಗಿ ಶಭಾಷ್ ಎಂದ. ಹುಡುಗಿ ಅವನ ಕಡೆ ನೋಡಲೇ ಇಲ್ಲ. ದಂಡೆಯ ಮೇಲೆ ಕೂತಿದ್ದ ರೈತನನ್ನು ನೋಡಿದಳು. ಒದ್ದೆ ಬಟ್ಟೆಯಲ್ಲೇ ಕೇರಿಯ ಕಡೆಗೆ ಓಡಿಬಿಟ್ಟಳು. ಚಪ್ಪಲಿ ಮರದ ಕೆಳಗೇ ಉಳಿದವು.

ರೈತ ಗದರಲಿಲ್ಲ. ಎದ್ದು ಹೋಗಿ ಮೋಟಾರು ಚಾಲೂ ಮಾಡಿದ. ಬೇಸಿಗೆಯ ದಿನ. ಪಕ್ಕದಲ್ಲೇ ಮೆಣಸಿನ ಗಿಡಗಳು ಬಾಡಿ ನಿಂತಿದ್ದವು. ಗಿಡಗಳಿಗೆ ನೀರು ಬಿಡುತ್ತಿದ್ದಾನೆ ಎಂದು ತರಬೇತುದಾರ ತಿಳಿದ. ಆದರೆ ರೈತ ಪೈಪನ್ನು ಗಿಡಗಳ ಕಡೆಗೆ ತಿರುಗಿಸಲಿಲ್ಲ, ಹಳ್ಳದ ಕಡೆಗೆ ತಿರುಗಿಸಿದ. ಬಾವಿಯ ನೀರು ಕಲ್ಲಿನ ಮೇಲೆ ಬಿದ್ದು ಹಳ್ಳಕ್ಕೆ ಹರಿಯತೊಡಗಿತು.

"ಯಜಮಾನ್ರ, ಗಿಡ ಒಣಗ್ಯಾವಲ್ರಿ. ನೀರು ಹಳ್ಳಕ್ಕ ಯಾಕ ಬಿಡತೀರಿ?" ಎಂದು ತರಬೇತುದಾರ ಕೇಳಿದ.

"ಆ ನೀರು ಗಿಡಕ್ಕ ಬ್ಯಾಡ್ರಿ ಸರ," ಎಂದ ರೈತ. "ಬಾವಿ ಪೂರಾ ಬರಿದಾಗಲಿ. ನಾಳಿಗಿ ಹೊಸ ನೀರು ಬರತೈತಿ. ನಿಮ್ಮ ಹುಡುಗರು ಈಜಲಿ."

ಅಷ್ಟು ಮೆತ್ತಗೆ ಹೇಳಿದ. ತರಬೇತುದಾರನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕೇರಿಯವರು ಯಾರೂ ಎಂದೂ ಆ ಬಾವಿಗೆ ಇಳಿದಿರಲಿಲ್ಲ. ಇಳಿಯಬೇಡಿ ಎಂದು ಅವನ ಎದುರಿಗೆ ಯಾರೂ ಹೇಳಿಯೂ ಇರಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಊರಿನಲ್ಲಿ ಅದು ಗೊತ್ತಿಲ್ಲದವನು ಅವನೊಬ್ಬನೇ. ಸಂಜೆಯ ಹೊತ್ತಿಗೆ ಬಾವಿಯ ತಳದ ಕೆಸರು ಕಾಣಿಸಿತು. ಮಕ್ಕಳ ಬೆಂಡುಗಳು ಆ ಕೆಸರಿನಲ್ಲಿ ಬಿದ್ದಿದ್ದವು.

ನೀಲವ್ವ ನೆಟ್ಟಗೆ ಕುಳಿತಳು. ಅವಳ ಮುಖದಲ್ಲಿದ್ದ ನಗೆ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಉಸ್ತಾದರು ಹೇಳುತ್ತ ಹೋದರು.

ಮರುದಿನ ತರಬೇತುದಾರ ಹುಡುಗಿಯ ಚಪ್ಪಲಿ ಕೈಯಲ್ಲಿ ಹಿಡಿದು ಕೇರಿಗೆ ಹೋದ. ಬಾಗಿಲಲ್ಲಿ ತಾಯಿ ಕೂತಿದ್ದಳು. ಹಿಂದಿನ ಸಂಜೆ ಊರಿನ ಹಿರಿಯರು ಅವಳನ್ನು ಚಾವಡಿಯ ಮುಂದೆ ಕರೆಸಿದ್ದರು. ಮಗಳ ತಪ್ಪಿಗೆ ಅವಳು ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದ್ದಳು. ಇನ್ನು ಮುಂದೆ ಯಾರ ಹೊಲದಲ್ಲೂ ಅವಳಿಗೆ ಕೂಲಿ ಇಲ್ಲ ಎಂದು ಹೇಳಿ ಕಳಿಸಿದ್ದರು. ಬೆಳಕು ಹರಿಯುವ ಮೊದಲೇ ಹುಡುಗಿಯನ್ನು ಚಿಕ್ಕಮ್ಮನ ಜೊತೆ ದೂರದ ಇಟ್ಟಿಗೆ ಭಟ್ಟಿಗೆ ಕಳಿಸಿಯಾಗಿತ್ತು. ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ತಾಯಿ ತೋರಿಸಿ, ಒಯ್ಯಿರಿ ಎಂದಳು. ಮಗಳಿಗೆ ನೀರಿನ ಹೆದರಿಕೆ ಎಂದು ತಿಳಿದಿದ್ದೆ ಎಂದಷ್ಟೇ ಹೇಳಲು ಅವನಿಂದ ಆಯಿತು.

"ಅಕಿಗೆ ಎಂಥಾ ಹೆದರಿಕಿರಿ ಸರ," ಎಂದಳು ತಾಯಿ. "ನಮ್ಮ ಮಕ್ಕಳೆಲ್ಲಾ ಹಳೇ ಕಲ್ಲಿನ ಖಣಿಯೊಳಗ ಈಜಿ ದೊಡ್ಡವರಾದವರು."

"ನಾ ದಿನಾ ಕೇಳಿದ್ನಲ್ಲವ್ವ. ಒಂದು ದಿನಾನೂ ಅಕಿ ಯಾಕ ಹೇಳಲಿಲ್ಲ?"

"ನೀವು ಬಾವಿ ಹತ್ರ ನಿಂತು ಕೇಳಿದ್ರಿ. ದಂಡಿ ಮ್ಯಾಲ ಅವರು ಕುಂತಿದ್ರು. ಅವರ ಮುಂದ ಅಕಿ ಏನಂತ ಹೇಳ್ಯಾಳ್ರಿ?"

ಉಸ್ತಾದರು ಕತೆ ನಿಲ್ಲಿಸಿದರು. ಗೋಡೆಗೆ ಒರಗಿಸಿದ್ದ ಗಾಲಿಯನ್ನು ಮತ್ತೆ ಎಳೆದುಕೊಂಡು ಸ್ಪೋಕ್ ಬಿಗಿಯತೊಡಗಿದರು.

ನಾಳೆ ಬೆಳಿಗ್ಗೆ ತಾನು ಏನು ಮಾಡಲಿದ್ದೆ ಎಂಬುದು ನೀಲವ್ವನಿಗೆ ನೆನಪಾಯಿತು. ಮೊದಲು ಅವಳ ಸಿಟ್ಟಿಗೆ ಸಿಕ್ಕಿದ್ದು ಆ ರೈತ. ಮಕ್ಕಳಿಗೆ ಹಣ್ಣು ಹಂಚಿದ ಕೈಯಿಂದಲೇ ಮೋಟಾರು ಹಚ್ಚಿದನಲ್ಲ, ಅವನೊಬ್ಬ ಮನುಷ್ಯನೇ ಎಂದು ಬಾಯಿಗೆ ಬಂದಂತೆ ಬಯ್ದಳು. ಬಾಡಿದ ಗಿಡಕ್ಕೂ ಆ ನೀರು ಬೇಡವಾಯಿತೇ ಎಂದಳು. ಆಮೇಲೆ ತರಬೇತುದಾರನ ಸರದಿ ಬಂತು. ಇಷ್ಟು ದಿನ ಜೊತೆಗಿದ್ದೂ ಅವನಿಗೆ ಕಣ್ಣಿರಲಿಲ್ಲವೇ, ಕೇರಿಯ ಮಕ್ಕಳು ಮಾತ್ರ ಯಾಕೆ ಇಳಿಯುವುದಿಲ್ಲ ಎಂದು ಒಮ್ಮೆಯೂ ಅನಿಸಲಿಲ್ಲವೇ ಎಂದು ಕೇಳಿದಳು. ಕೇಳಿದ ಮೇಲೆ ಆ ಮಾತು ತನಗೇ ತಾಗಿತು. ಉಸ್ತಾದರು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಕೊನೆಗೆ ಅವಳು ಕಣ್ಣೊರೆಸಿಕೊಂಡು ಎದ್ದಳು. ಸೈಕಲ್ಲಿನ ಹಿಡಿ ಹಿಡಿದಳು. ನೂಕುವ ಮಾತು ಅವಳ ತಲೆಯಿಂದ ಹೋಗಿತ್ತು. ಹುಲಿಗೆವ್ವನಿಗೆ ಈಜು ಬರುತ್ತಿರಬೇಕು, ಅವಳೂ ಎಲ್ಲೋ ಒಂದು ಖಣಿಯಲ್ಲಿ ಈಜಿ ಬೆಳೆದವಳೇ ಇರಬೇಕು ಎಂಬ ಆಸೆ ಹುಟ್ಟಿತ್ತು. ಆಯ್ಕೆಗೆ ಇನ್ನೂ ಒಂದು ವಾರವಿದೆ, ಒಂದು ಮಾತು ಕೇಳಿದರೆ ಎಲ್ಲ ಸರಿಹೋದೀತು ಎನಿಸಿತು.

"ನಾ ಆ ತಪ್ಪು ಮಾಡಾಂಗಿಲ್ರಿ ಉಸ್ತಾದ್ರ," ಎಂದಳು. "ನಾಳಿ ಮುಂಜಾನೆ ಅಕಿ ಬಾವಿಗೆ ಬಂದ ಕೂಡ್ಲೆ, ಪ್ರೀತಿಲೆ ಕರದು, ಖರೇ ಸಂಗತಿ ಏನಂತ ಕೇಳತೇನಿ."

ಉಸ್ತಾದರು ಗಾಲಿ ತಿರುಗುವುದನ್ನು ಕೈಯಿಂದ ತಡೆದು ಅವಳ ಮುಖ ನೋಡಿದರು.

"ನಾಳಿ ಮುಂಜಾನೆ ದಂಡಿ ಮ್ಯಾಲ ಯಾರು ಕುಂತಿರತಾರ, ನೀಲವ್ವ?"