ಬರೆದಕೆರೆ

ನಮ್ಮೂರ ಕೆರೆಯನ್ನು ಮೊದಲ ಸಲ ನೋಡುವವರು ತಮಗೆ ತಿಳಿಯದಂತೆಯೇ ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರೆ. ಹಿಂದೆ ಕೆಂಪು ಕಲ್ಲಿನ ಗುಡ್ಡ, ಮುಂದೆ ನೀರು ತಡೆದು ನಿಂತ ನಾನೂರು ಹೆಜ್ಜೆ ಉದ್ದದ ಮಣ್ಣಿನ ಏರಿ. ಆ ಏರಿ ದಕ್ಷಿಣದ ತುದಿಯಲ್ಲಿ ಎದ್ದು ನಿಂತಂತೆ, ತುಂಬಿದ ಕೆರೆಯ ನೀರೆಲ್ಲ ಇನ್ನೇನು ಉತ್ತರಕ್ಕೆ ಚೆಲ್ಲಿಹೋಗುವಂತೆ ಕಾಣುತ್ತದೆ. ಬಸ್ಸಿನಲ್ಲಿ ಹಾದುಹೋಗುವವರು ಕಿಟಕಿಯಿಂದ ಇಣುಕಿ, ಕಟ್ಟಿದವರು ಕುಡಿದಿದ್ದರೇನೋ ಎಂದು ನಗುತ್ತಾರೆ. ಅಳತೆಗೆಂದು ಬಂದ ಇಂಜಿನಿಯರರೊಬ್ಬರು ಎರಡು ದಿನ ಅಳೆದು, ತುದಿಯಿಂದ ತುದಿಗೆ ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲ ಎಂದು ಬರೆದುಕೊಂಡು ಹೋದರಂತೆ. ಇದಕ್ಕೆ ಬರೆದಕೆರೆ ಎಂದು ಹೆಸರು. ನಾನು ಮದುವೆಯಾಗಿ ಊರು ಬಿಟ್ಟು ಐವತ್ತೆಂಟು ವರ್ಷವಾಯಿತು. ಈ ದೂರದ ಜಬಲ್ಪುರದಲ್ಲಿ ಯಾರಾದರೂ ಯಾವೂರು ಎಂದು ಕೇಳಿದರೆ ಇಂದಿಗೂ ಊರಿನ ಹೆಸರಿಗಿಂತ ಮೊದಲು ಕೆರೆಯ ಹೆಸರು ಬಾಯಿಗೆ ಬರುತ್ತದೆ.

ಹಿಂದೆ ಒಮ್ಮೆ ನಮ್ಮೂರಿನಲ್ಲಿ ಹಂಪಣ್ಣನೆಂಬ ಚಿತ್ರಗಾರನಿದ್ದ. ಹದಿನಾರರ ಪ್ರಾಯದಲ್ಲೇ ಗುಡಿಗಳ ಗೋಡೆಗೆ ಚಿತ್ರ ಬರೆಯುವ ಮೇಳವೊಂದರ ಜೊತೆ ಊರು ಬಿಟ್ಟವನು. ಆ ಮೇಳದಲ್ಲಿ ದೇವರನ್ನು ಬರೆಯುವುದು ಹಿರಿಯರ ಕೆಲಸ. ದೇವರ ಬೆನ್ನ ಹಿಂದಿನ ಗಿಡ, ಬೆಟ್ಟ, ಹೊಳೆಗಳನ್ನು ಹೊಸಬರಿಗೆ ಬಿಡುತ್ತಿದ್ದರು. ಕೈ ಪಳಗಿದ ಮೇಲೆ ಎಲ್ಲರೂ ದೇವರಿಗೆ ಬಡ್ತಿ ಪಡೆದರೆ, ಹಂಪಣ್ಣ ಮಾತ್ರ ಹೊಳೆಯಲ್ಲೇ ಉಳಿದ. ಜೊತೆಯವರು ‘ಬೆನ್ನ ಹಿಂದಿನವ’ ಎಂದು ಹಂಗಿಸಿದರು. ಆದರೆ ಬರುಬರುತ್ತ ಅವನ ಬೆಟ್ಟಗಳನ್ನೇ ಬಯಸಿ ಕರೆಕಳಿಸುವವರು ಹುಟ್ಟಿಕೊಂಡರು. ಕೊಂಕಣದ ಬಂದರು, ಗೋದಾವರಿಯ ಪಾತ್ರ, ತಮಿಳು ನಾಡಿನ ಹಸಿರು ಬಯಲು ಎಲ್ಲವನ್ನೂ ಅವನು ಅರಮನೆ ಮಠಗಳ ಗೋಡೆಗೆ ತಂದನೆನ್ನುತ್ತಾರೆ. ಅವನ ಗಂಟಿನಲ್ಲಿ ಸದಾ ಒಂದು ಕಂಚಿನ ಪರಾತ, ಅಂಚಿರುವ ಅಗಲ ತಟ್ಟೆ, ಇರುತ್ತಿತ್ತು. ಯಾವ ನಾಡಿಗೆ ಹೋದರೂ ಅದರ ತುಂಬ ನೀರು ಹಾಕಿ, ಅಂಚಿಗೆ ಕಣ್ಣಿಟ್ಟು, ನೀರಿನ ಮೈಮೇಲಿಂದ ದೂರದ ಬೆಟ್ಟವನ್ನು ನೋಡಿದ ಮೇಲೆಯೇ ಮೊದಲ ಗೆರೆ ಎಳೆಯುತ್ತಿದ್ದ. ಬೆಟ್ಟ, ಮರ, ಮೋಡ ಎಲ್ಲವೂ ಕಣ್ಣಿಗೆ ಸುಳ್ಳು ಹೇಳಬಲ್ಲವು, ಸುಮ್ಮನೆ ನಿಂತ ನೀರು ಮಾತ್ರ ಹೇಳಲಾರದು ಎಂಬುದು ಅವನ ನಂಬಿಕೆ.

ಅವನು ದೇಶ ಸುತ್ತುತ್ತಿದ್ದ ಕಾಲದಲ್ಲಿ ಊರಿನ ದ್ಯಾಮನಗೌಡ ಈ ಕೆರೆಯನ್ನು ಕಟ್ಟಿಸತೊಡಗಿದ. ಏರಿ ಎದ್ದಿತು, ಮಳೆ ಬಂತು, ಕೆರೆ ತುಂಬುವ ಹೊತ್ತಿಗೆ ದಕ್ಷಿಣದ ತುದಿ ಒಡೆದು ನೀರೆಲ್ಲ ಹೊಲಗಳ ಮೇಲೆ ಹರಿಯಿತು. ಆ ತುದಿಯನ್ನು ಇಮ್ಮಡಿ ದಪ್ಪ ಮಾಡಿ ಮತ್ತೆ ಕಟ್ಟಿದರು. ಮರುವರ್ಷ ಅಲ್ಲೇ ಒಡೆಯಿತು. ಎರಡು ಸಲವೂ ಒಂದೇ ಜಾಗ ಎಂದಮೇಲೆ ಅಲ್ಲಿ ಏನೋ ಇದೆ ಎಂದು ಜನ ಗುಸುಗುಸು ಮಾತಾಡಿದರು. ನಿಲ್ಲದ ಕೆರೆಗೆ ಹೆಣ್ಣನ್ನು ಬಲಿಯಾಗಿ ಕೊಡುವ ಮಾತು ಆ ಕಾಲದಲ್ಲಿತ್ತು. ಶಾಸ್ತ್ರ ಕೇಳಿದರು, ಕೆರೆ ಕಟ್ಟಿಸಿದ ಮನೆಯ ಕಿರಿಯ ಸೊಸೆಯೇ ಆಗಬೇಕೆಂದು ಬಂತು. ಕಿರಿಯ ಸೊಸೆ ಪಂಪವ್ವನಿಗೆ ಆಗ ಹತ್ತೊಂಬತ್ತು ವರ್ಷ. ಅವಳನ್ನು ಯಾರೂ ಕೇಳಲಿಲ್ಲ. ಮೂರನೆಯ ಸಲ ಏರಿ ಮುಗಿಯಿತು, ದಿನವೂ ಗೊತ್ತಾಯಿತು.

ತಲೆ ನರೆತು ಹಂಪಣ್ಣ ಊರಿಗೆ ಮರಳಿದ್ದು ಆ ದಿನಕ್ಕೆ ಒಂದು ತಿಂಗಳಿರುವಾಗ. ತನ್ನ ಮನೆತನ ಮಾಡಿದ ದಾನ ಮುಂದಿನವರಿಗೂ ತಿಳಿಯಲಿ ಎಂದು ಗೌಡ, ತುಂಬಿದ ಕೆರೆಯನ್ನೂ ಅದರೊಳಗೆ ಇಳಿಯುತ್ತಿರುವ ಸೊಸೆಯನ್ನೂ ಚಾವಡಿಯ ಗೋಡೆಯ ಮೇಲೆ ಬರೆಯುವಂತೆ ಅವನಿಗೆ ಹೇಳಿದ. ಹಂಪಣ್ಣ ಪರಾತ ಹೊತ್ತು ಏರಿಯ ಮೇಲೆ ಹೋದ. ಮೂರು ದಿನ ಅಲ್ಲಿ ಬೋರಲು ಬಿದ್ದುಕೊಂಡಿದ್ದ. ಆಮೇಲೆ ಗೋಡೆಯ ಮುಂದೆ ಕುಳಿತ. ಚಿತ್ರ ಮುಗಿದಾಗ ನೋಡಲು ಬಂದವರಲ್ಲಿ ಪಂಪವ್ವನೂ ಇದ್ದಳು. ಅವಳು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಕಾಕಾ, ಇದರಾಗ ನಾ ಎಲ್ಲಿದ್ದೀನಿ?”

“ನೀ ಇದರಾಗ ಇಲ್ಲವ್ವ. ನೀ ಇದನ್ನ ನೋಡಾಕ ನಿಂತಾಕಿ.”

ಗೌಡನಿಗೆ ಸಿಟ್ಟು ಬಂತು. ಸೊಸೆಯನ್ನು ಬಿಟ್ಟದ್ದು ಸಾಲದೆಂಬಂತೆ ಹಂಪಣ್ಣ ಏರಿಯ ದಕ್ಷಿಣದ ತುದಿಯನ್ನು ಇರುವುದಕ್ಕಿಂತ ಎತ್ತರಕ್ಕೆ ಎಳೆದಿದ್ದ. ಊರೂರು ತಿರುಗಿ ಕಣ್ಣು ಕಳಕೊಂಡು ಬಂದಿಯೇನು, ಏರಿ ಸೊಟ್ಟ ಬರದಿಯಲ್ಲ ಎಂದು ಗೌಡ ಎಲ್ಲರೆದುರು ಛೇಡಿಸಿದ. ಹಂಪಣ್ಣ ಮೆಲ್ಲಗೆ ಹೇಳಿದ: “ಸೊಟ್ಟ ಇರೋದು ಗುಡ್ಡ, ಗೌಡ್ರ. ನೀವು ಅದನ್ನ ನೋಡಿ ಏರಿ ಕಟ್ಟೀರಿ.”

ಆ ಗುಡ್ಡದ ಕಲ್ಲು ರೊಟ್ಟಿ ಒಟ್ಟಿದಂತೆ ಪದರು ಪದರಾಗಿದೆ, ಪದರುಗಳೆಲ್ಲ ದಕ್ಷಿಣಕ್ಕೆ ಇಳಿಜಾರು. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಊರಿನ ಕಣ್ಣಿಗೆ ಆ ಇಳಿಜಾರೇ ಮಟ್ಟವಾಗಿತ್ತು. ಅದಕ್ಕೆ ಸರಿಯಾಗಿ ಕಟ್ಟಿದ ಏರಿ ದಕ್ಷಿಣಕ್ಕೆ ತಗ್ಗಾಗಿ, ತುಂಬಿದ ನೀರು ಅಲ್ಲೇ ಉಕ್ಕಿ ಒಡೆಯುತ್ತಿತ್ತು. ಹಂಪಣ್ಣ ಎಲ್ಲರನ್ನೂ ಏರಿಯ ಉತ್ತರದ ತುದಿಗೆ ಕರೆದೊಯ್ದು ಪರಾತವನ್ನು ನೆಲಕ್ಕಿಟ್ಟು ನೀರು ತುಂಬಿದ. ದಕ್ಷಿಣದ ತುದಿಯಲ್ಲಿ ಯಾರಾದರೂ ನಿಲ್ಲಬೇಕು ಎಂದಾಗ ಪಂಪವ್ವ ತಾನೇ ನಡೆದುಹೋಗಿ, ತನಗೆ ಗೊತ್ತುಮಾಡಿದ್ದ ಜಾಗದಲ್ಲೇ ನಿಂತಳು. ಗೌಡ ರುಮಾಲು ಬಿಚ್ಚಿಟ್ಟು, ಊರಿನವರ ಮುಂದೆ ಬೋರಲು ಮಲಗಿ, ನೀರಿನ ಮಟ್ಟಕ್ಕೆ ಕಣ್ಣಿಟ್ಟ. ಪರಾತದ ನೀರಿನಂಚು ಆಚೆ ನಿಂತ ಸೊಸೆಯ ಕೊರಳಿಗೆ ತಾಗಿತ್ತು. ಸೆರಗು ಹೊದ್ದ ತಲೆಯೊಂದೇ ನೀರಿನ ಮೇಲೆ ಕಾಣುತ್ತಿತ್ತು. ಗೌಡ ಬಹಳ ಹೊತ್ತು ಏಳಲಿಲ್ಲ ಎನ್ನುತ್ತಾರೆ. ಎದ್ದವನು ಒಂದೇ ಮಾತಾಡಿದ: “ಆಕೀನ ಈ ಕಡೆ ಕರೀರಿ.”

ದಕ್ಷಿಣದ ತುದಿಯನ್ನು ಆಳಿನ ಕೊರಳೆತ್ತರ ಏರಿಸಬೇಕಾಯಿತು. ಊರಿನವರ ಕಣ್ಣಿಗೆ ಅದು ದಿನದಿನಕ್ಕೆ ಸೊಟ್ಟವಾಗುತ್ತಲೇ ಹೋಯಿತು; ಮಣ್ಣು ಹೊರುವವರು ಹೆಜ್ಜೆಹೆಜ್ಜೆಗೂ ಅನುಮಾನಪಟ್ಟು, ಚಾವಡಿಗೆ ಹೋಗಿ ಚಿತ್ರ ನೋಡಿ ಬಂದು ಮತ್ತೆ ಹೊರುತ್ತಿದ್ದರು. ಗೊತ್ತಾದ ದಿನ ಸುಮ್ಮನೆ ಕಳೆಯಿತು. ಮಳೆ ಹಿಡಿಯಿತು. ಈ ಸಲವೂ ಒಡೆದರೆ ಮೊದಲು ಹೋಗುವವನು ತಾನಾಗಲಿ ಎಂದು ಹಂಪಣ್ಣ ಆ ತುದಿಯಲ್ಲೇ ಕುಳಿತ, ತಲೆಯ ಮೇಲೆ ಪರಾತ ಮುಚ್ಚಿಕೊಂಡು. ಪಂಪವ್ವ ದಿನವೂ ನೆನೆಯುತ್ತ ಹೋಗಿ ರೊಟ್ಟಿ ಕೊಟ್ಟು ಬಂದಳು. ಹನ್ನೊಂದನೆಯ ದಿನ ನೀರು ಏರಿಯ ಅಂಚಿನವರೆಗೆ ಬಂದು, ತುದಿಯಿಂದ ತುದಿಗೆ ಒಂದೇ ಗೆರೆಯಾಗಿ ನಿಂತಿತು. ಚಾವಡಿಯ ಗೋಡೆಯಲ್ಲಿ ಇದ್ದಂತೆಯೇ ಇತ್ತು. ಬರೆದು ಕಟ್ಟಿದ್ದಕ್ಕೆ ಬರೆದಕೆರೆ ಎಂದರು. ಹಂಪಣ್ಣ ಮತ್ತೆ ಎಲ್ಲಿಗೂ ಹೋಗಲಿಲ್ಲ. ಪಂಪವ್ವ ಮೊಮ್ಮಕ್ಕಳ ಮದುವೆ ನೋಡಿ, ತನ್ನ ಹಾಸಿಗೆಯಲ್ಲಿ ಮುಪ್ಪಿನಿಂದ ಸತ್ತಳು. ಇದನ್ನು ನಮ್ಮೂರವರು ಒಂದು ಬಿರುದಿನಂತೆ ಹೇಳಿಕೊಳ್ಳುತ್ತಾರೆ.

ಚಾವಡಿ ಬಿದ್ದು ಎಷ್ಟೋ ಕಾಲವಾಗಿದೆ, ಚಿತ್ರ ಉಳಿದಿಲ್ಲ. ಕೆರೆ ಉಳಿದಿದೆ. ಬೇರೆ ಸೀಮೆಯ ಹೆಣ್ಣುಮಕ್ಕಳು ಈಗಲೂ ಕಾಯಿ, ಬಳೆ, ಕುಂಕುಮ ಹಿಡಿದು ಬಂದು, ಏರಿಯ ಉದ್ದಕ್ಕೂ ನಡೆದು, ಬೇರೆ ಕೆರೆಗಳಲ್ಲಿರುವಂತೆ ಬಲಿಯಾದವಳ ಗುಡಿ, ಕೆರೆವ್ವನ ಗುಡಿ, ಎಲ್ಲಿದೆ ಎಂದು ಹುಡುಕುತ್ತಾರೆ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ನಮ್ಮೂರ ಹೆಂಗಸರು ಕೈಕೆಲಸ ನಿಲ್ಲಿಸದೆ ಹೇಳುತ್ತಾರೆ: “ಇಲ್ಲಿ ಯಾರನ್ನೂ ಕೊಟ್ಟಿಲ್ಲರವ್ವ. ಕಾಯಿ ಒಡದು ನೀವ ತಿನ್ರಿ.”